5.4ರಿಂದ 6.8ಕ್ಕೆ: ಹಳೆಯ ಡ್ರೈವರೊಂದನ್ನು ಹೊಸ ಲಿನಕ್ಸ್ ಕರ್ನೆಲ್‌ಗೆ ತಂದ ಅನುಭವ

ಲಿನಕ್ಸ್ ವಿತರಣೆಯಾದ ಉಬುಂಟುವಿನ 20.04 ಆವೃತ್ತಿಯ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿಯಿತು. ಕಚೇರಿಯ ಕಂಪ್ಯೂಟರುಗಳಿಗೆ ಇದು ಒಂದು ಮಧ್ಯಾಹ್ನದ ಅಪ್‌ಗ್ರೇಡ್ ಕೆಲಸ. ಬೆಂಗಳೂರಿನ ನಮ್ಮ ಸಣ್ಣ ಸಂಸ್ಥೆಗೆ ಹಾಗಿರಲಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಕೆಲವು ಕಾರ್ಖಾನೆಗಳಲ್ಲಿ ಗೇರ್‌ಬಾಕ್ಸ್‌ಗಳ ಕಂಪನ ಅಳೆಯುವ ಪರೀಕ್ಷಾ ವ್ಯವಸ್ಥೆಗಳನ್ನು ನಾವು ಕೂರಿಸಿಕೊಟ್ಟಿದ್ದೇವೆ. ಅವುಗಳ ಕಂಪ್ಯೂಟರಿನೊಳಗೆ ವಿದೇಶಿ ತಯಾರಕರೊಬ್ಬರ ಪಿಸಿಐ ಎಕ್ಸ್‌ಪ್ರೆಸ್ ಡೇಟಾ ಸಂಗ್ರಹಣಾ ಕಾರ್ಡ್ ಇದೆ. ಕಾರ್ಡ್ ಇಂದಿಗೂ ಗಟ್ಟಿಮುಟ್ಟಾಗಿಯೇ ಇದೆ. ಆದರೆ ತಯಾರಕ ಸಂಸ್ಥೆಯನ್ನು ಇನ್ನೊಂದು ಸಂಸ್ಥೆ ಕೊಂಡುಕೊಂಡ ಮೇಲೆ ಅದರ ಲಿನಕ್ಸ್ ಡ್ರೈವರಿನ, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶದ, ಕೆಲಸ ನಿಂತುಹೋಯಿತು. ಸೋರ್ಸ್ ಕೋಡ್ ಮಾತ್ರ ನಮ್ಮ ಕೈಯಲ್ಲಿ ಉಳಿಯಿತು. ಉಬುಂಟು 20.04ರ 5.4 ಕರ್ನೆಲ್‌ಗೆ (ಕರ್ನೆಲ್ ಎಂದರೆ ಲಿನಕ್ಸ್‌ನ ತಿರುಳು) ಬರೆದ ಆ ಡ್ರೈವರನ್ನು ಉಬುಂಟು 24.04ರ 6.8 ಕರ್ನೆಲ್‌ಗೆ ತರುವ ಹೊಣೆ ನನ್ನ ಮೇಲೆ ಬಂತು. ಮುಂಗಾರು ಶುರುವಾದಾಗ ಕೈಗೆತ್ತಿಕೊಂಡ ಕೆಲಸ ದೀಪಾವಳಿ ಕಳೆದ ಮೇಲೆ ಒಂದು ಹದಕ್ಕೆ ಬಂದಿದೆ. ನನ್ನ ಹಾಗೆಯೇ ಇನ್ನೊಬ್ಬರ ಡ್ರೈವರನ್ನು ಹೊತ್ತು ನಡೆಯಬೇಕಾದವರು ಎಲ್ಲಿ ಎಷ್ಟು ಕಾಲ ಕಾಯಬೇಕಾಗುತ್ತದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದನ್ನು ಮೊದಲೇ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮೂಲ ಸಂಗತಿ. ಬಳಕೆದಾರರ ತಂತ್ರಾಂಶಗಳು ಕರ್ನೆಲ್ ಜೊತೆ ವ್ಯವಹರಿಸುವ ಸಿಸ್ಟಂ ಕಾಲ್‌ಗಳನ್ನು ಮುರಿಯಬಾರದು ಎಂಬುದು ಲಿನಕ್ಸ್‌ನ ಕಟ್ಟುನಿಟ್ಟಾದ ನಿಯಮ. ಹತ್ತು ವರ್ಷದ ಹಿಂದೆ ಕಂಪೈಲ್ ಮಾಡಿದ ಸರಳ ಪ್ರೋಗ್ರಾಂ ಇಂದಿನ ಕರ್ನೆಲ್ ಮೇಲೂ ಓಡುವುದು ಇದರಿಂದಲೇ. ಕರ್ನೆಲ್‌ನ ಒಳಗಿನ ಇಂಟರ್‌ಫೇಸುಗಳಿಗೆ, ಅಂದರೆ ಡ್ರೈವರುಗಳು ಕರೆಯುವ ಫಂಕ್ಷನ್‌ಗಳಿಗೆ, ಅಂತಹ ಭರವಸೆ ಯಾವುದೂ ಇಲ್ಲ. ಹೀಗೇಕೆ ಎಂಬುದನ್ನು ವಿವರಿಸಿ ಕರ್ನೆಲ್ ನಿರ್ವಾಹಕರಲ್ಲೊಬ್ಬರಾದ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಬರೆದ ಟಿಪ್ಪಣಿ ಕರ್ನೆಲ್‌ನ ದಸ್ತಾವೇಜುಗಳಲ್ಲಿಯೇ ಇದೆ. ಈ ಕೆಲಸಕ್ಕೆ ಇಳಿಯುವ ಮುನ್ನ ಅದನ್ನು ಓದಲೇಬೇಕು. ಕರ್ನೆಲ್ ಭಂಡಾರದ ಒಳಗಿರುವ ಡ್ರೈವರುಗಳಿಗೆ ಈ ಬದಲಾವಣೆಗಳು ತಾಗುವುದೇ ಇಲ್ಲ, ಏಕೆಂದರೆ ಇಂಟರ್‌ಫೇಸ್ ಬದಲಿಸಿದವರೇ ಅದನ್ನು ಬಳಸುವ ಅಷ್ಟೂ ಡ್ರೈವರುಗಳನ್ನು ತಿದ್ದಿಕೊಡುತ್ತಾರೆ. ಮನೆಯ ಬೀಗ ಬದಲಾದಾಗ ಒಳಗಿರುವವರೆಲ್ಲರ ಕೈಗೂ ಹೊಸ ಕೀಲಿ ಸಿಗುತ್ತದೆ, ನಾವು ಹೊರಗಿರುವವರು. ಈ ನೀತಿ ತಪ್ಪೆಂದು ನಾನು ಹೇಳಲಾರೆ. ಆದರೆ ಅದರ ವೆಚ್ಚವನ್ನು ಯಾರು ತೆರುತ್ತಾರೆ ಎಂಬುದು ಈ ತಿಂಗಳುಗಳಲ್ಲಿ ನನಗೆ ಚೆನ್ನಾಗಿ ಮನವರಿಕೆಯಾಗಿದೆ.

6.8ರ ಹೆಡರ್‌ಗಳನ್ನು (ಫಂಕ್ಷನ್‌ಗಳ ಘೋಷಣೆ ಇರುವ ಕಡತಗಳನ್ನು) ಹಾಕಿಕೊಂಡು ಮೊದಲ ಸಲ ಕಂಪೈಲ್ ಮಾಡುವ ‘ಮೇಕ್’ ಆಜ್ಞೆ ಕೊಟ್ಟಾಗ ಪರದೆಯ ತುಂಬ ದೋಷಗಳು ಬಂದವು. ಎದೆ ಧಸಕ್ಕೆಂದದ್ದು ನಿಜ. ಆದರೆ ಒಂದೊಂದನ್ನೇ ಬಿಡಿಸಿ ನೋಡಿದರೆ, ಅಷ್ಟು ದೋಷಗಳ ಹಿಂದೆ ಇದ್ದದ್ದು ಕೆಲವೇ ಬದಲಾವಣೆಗಳು. ‘ಐಒರೀಮ್ಯಾಪ್ ನೋಕ್ಯಾಶ್’ ಎಂಬ ಫಂಕ್ಷನ್ 5.6ರಲ್ಲಿ ತೆಗೆದುಹಾಕಲ್ಪಟ್ಟಿತ್ತು, ಬರೀ ‘ಐಒರೀಮ್ಯಾಪ್’ ಕೂಡ ಅದೇ ಕೆಲಸವನ್ನು ಮಾಡುತ್ತಿದ್ದುದರಿಂದ ಎರಡು ಹೆಸರು ಬೇಕಿರಲಿಲ್ಲ. ಅದೇ 5.6ರಲ್ಲಿ ‘ಪ್ರಾಕ್’ ಕಡತಗಳಿಗೆ ‘ಫೈಲ್ ಆಪರೇಷನ್ಸ್’ ಬದಲು ‘ಪ್ರಾಕ್ ಆಪ್ಸ್’ ಎಂಬ ಚಿಕ್ಕ ಸ್ಟ್ರಕ್ಚರ್ ಬಂದಿತ್ತು. 5.8ರಲ್ಲಿ ‘ಎಂಮ್ಯಾಪ್ ಸೆಮ್’ ಹೋಗಿ ‘ಎಂಮ್ಯಾಪ್ ಲಾಕ್’ ಆಗಿತ್ತು. 5.18ರಲ್ಲಿ ‘ಪಿಸಿಐ ಸೆಟ್ ಡಿಎಂಎ ಮಾಸ್ಕ್’ ಮೊದಲಾದ ಹಳೆಯ ಹೊದಿಕೆ ಫಂಕ್ಷನ್‌ಗಳೆಲ್ಲ ಹೋಗಿದ್ದವು (ಡಿಎಂಎ ಎಂದರೆ ಸಾಧನವು ಪ್ರೊಸೆಸರಿನ ನೆರವಿಲ್ಲದೆ ಮೆಮೊರಿಯನ್ನು ನೇರವಾಗಿ ಓದಿ ಬರೆಯುವುದು). 6.4ರಲ್ಲಿ ‘ಕ್ಲಾಸ್ ಕ್ರಿಯೇಟ್’ ಫಂಕ್ಷನ್ನಿನ ಮೊದಲ ಆರ್ಗ್ಯುಮೆಂಟನ್ನು ಯಾರೂ ಬಳಸುತ್ತಿಲ್ಲವೆಂದು ತೆಗೆದಿದ್ದರು.

ಇವುಗಳಲ್ಲಿ 6.3ರ ಬದಲಾವಣೆಯೊಂದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಡಿನ ರಿಜಿಸ್ಟರುಗಳನ್ನು ಬಳಕೆದಾರರ ಪ್ರೋಗ್ರಾಂಗೆ ತೋರಿಸುವ ‘ಎಂಮ್ಯಾಪ್’ ಭಾಗದಲ್ಲಿ ಹಳೆಯ ಕೋಡ್ ‘ವಿಎಂ ಫ್ಲ್ಯಾಗ್ಸ್’ ಎಂಬ ಸದಸ್ಯಕ್ಕೆ ನೇರವಾಗಿ ಮೌಲ್ಯ ತುಂಬುತ್ತಿತ್ತು. ಈಗ ಕಂಪೈಲರ್, ಇದು ಓದಲು ಮಾತ್ರ ಇರುವ ಸದಸ್ಯ, ಇದಕ್ಕೆ ಬರೆಯುವಂತಿಲ್ಲ ಎಂದು ಆ ಸಾಲಿನಲ್ಲಿಯೇ ನಿಲ್ಲಿಸಿಬಿಡುತ್ತದೆ. ‘ವಿಎಂ ಫ್ಲ್ಯಾಗ್ಸ್ ಸೆಟ್’ ಎಂಬ ಫಂಕ್ಷನ್ ಮೂಲಕವೇ ಬರೆಯಬೇಕು. ಮೆಮೊರಿಯ ಒಂದೊಂದು ಪ್ರದೇಶಕ್ಕೂ ಪ್ರತ್ಯೇಕ ಲಾಕ್ ತರುವ ದೊಡ್ಡ ಕೆಲಸ 6.4ರಲ್ಲಿ ಸೇರಲಿತ್ತು, ಲಾಕ್ ಹಿಡಿಯದೆ ಯಾರಾದರೂ ಫ್ಲ್ಯಾಗ್ ಬದಲಿಸಿದರೆ ಆ ಏರ್ಪಾಡೇ ಕುಸಿಯುತ್ತಿತ್ತು. ಕಾರಣ ತಿಳಿದ ಮೇಲೆ ಆ ಕಂಪೈಲರ್ ದೋಷದ ಬಗ್ಗೆ ನನಗೆ ಗೌರವವೇ ಬಂತು. ಹಳೆಯ ಬಳಕೆ ಮೌನವಾಗಿ ಕೆಟ್ಟುಹೋಗದಂತೆ, ಅದು ಕಂಪೈಲೇ ಆಗದ ಹಾಗೆ ಯಾರೋ ಯೋಚಿಸಿ ಮಾಡಿದ್ದಾರೆ. ಹೀಗೆ ಕಂಪೈಲ್ ನಿಲ್ಲಿಸುವ ಬದಲಾವಣೆಗಳು ಡ್ರೈವರ್ ಬರೆಯುವವರ ಹಿತವನ್ನೇ ಕಾಯುತ್ತವೆ. ನಿಜವಾಗಿ ಹೆದರಬೇಕಾದ ಬದಲಾವಣೆಗಳು ಬೇರೆ. ಅವು ಮುಂದೆ ಬರುತ್ತವೆ.

ಈ ಕಾರಣಗಳನ್ನು ಹುಡುಕುವ ಬಗೆ ಹೀಗೆ. ಕರ್ನೆಲ್‌ನ ಪೂರ್ತಿ ಗಿಟ್ ಭಂಡಾರವನ್ನು ಇಳಿಸಿಕೊಂಡು, ಕಾಣೆಯಾದ ಫಂಕ್ಷನ್ನಿನ ಹೆಸರು ಕೊಟ್ಟು ‘ಗಿಟ್ ಲಾಗ್’ ಆಜ್ಞೆಯನ್ನು ದೊಡ್ಡಕ್ಷರದ ಎಸ್ ಆಯ್ಕೆಯೊಂದಿಗೆ ಹೆಡರ್ ಕಡತಗಳ ಮೇಲೆ ಓಡಿಸಿದರೆ, ಆ ಹೆಸರು ಬಂದ ಮತ್ತು ಹೋದ ಕಮಿಟ್‌ಗಳು, ಅಂದರೆ ದಾಖಲಾದ ಬದಲಾವಣೆಗಳು, ಸಿಗುತ್ತವೆ. ಕಮಿಟ್ ಸಂದೇಶವನ್ನು ಪೂರ್ತಿ ಓದಿ. ಹಳೆಯದರ ಬದಲು ಏನು ಬಳಸಬೇಕು ಎಂಬುದು ಬಹುತೇಕ ಅದರಲ್ಲಿಯೇ ಇರುತ್ತದೆ. ಅದೇ ಕಮಿಟ್‌ನಲ್ಲಿ ಬೇರೆ ಡ್ರೈವರುಗಳನ್ನು ಹೇಗೆ ತಿದ್ದಿದ್ದಾರೆ ಎಂಬುದು ಅದಕ್ಕಿಂತ ಒಳ್ಳೆಯ ಪಾಠ. ಆವೃತ್ತಿಯಿಂದ ಆವೃತ್ತಿಗೆ ಒಂದು ಹೆಸರು ಹೇಗೆ ಬದಲಾಗಿದೆ ಎಂದು ಬೇಗ ನೋಡಲು ಬೂಟ್‌ಲಿನ್ ಸಂಸ್ಥೆಯ ಎಲಿಕ್ಸಿರ್ ತಾಣ ಸಾಕು. ನೂರಾರು ಡ್ರೈವರುಗಳನ್ನು ಒಟ್ಟಿಗೆ ತಿದ್ದಿದ ಕಡೆ, ಕಮಿಟ್ ಸಂದೇಶದಲ್ಲಿ ಕೋಡನ್ನು ನಿಯಮದಂತೆ ತಾನೇ ತಿದ್ದುವ ಕಾಕ್ಸಿನೆಲ್ ಎಂಬ ಸಾಧನದ ನಿಯಮಗಳನ್ನೇ ಸೇರಿಸಿರುವುದುಂಟು. ಡಿಎಂಎ ಹೊದಿಕೆಗಳ ಬದಲಾವಣೆಗೆ ಅಂತಹ ನಿಯಮವೇ ನನ್ನ ಕೈ ಹಿಡಿಯಿತು.

ಹಳೆಯ ಯಂತ್ರಗಳು ಇನ್ನೂ ಕೆಲವು ಕಡೆ 5.4ರಲ್ಲಿಯೇ ಓಡುತ್ತಿದ್ದುದರಿಂದ ಒಂದೇ ಸೋರ್ಸ್ ಕೋಡ್ ಎರಡೂ ಕಡೆ ಕಂಪೈಲ್ ಆಗಬೇಕಿತ್ತು. ಹಾಗಾಗಿ ಹೊಂದಾಣಿಕೆಯ ಎಲ್ಲ ಸಾಲುಗಳನ್ನು ಒಂದೇ ಹೆಡರ್ ಕಡತಕ್ಕೆ ಹಾಕಿ, ಡ್ರೈವರಿನ ಉಳಿದ ಭಾಗವನ್ನು ಹೊಸ ಕರ್ನೆಲ್‌ಗೆಂದೇ ಬರೆದಂತೆ ಇಟ್ಟೆ. ಹಳೆಯದರ ಬೆಂಬಲ ಬೇಡವಾದ ದಿನ ಆ ಒಂದು ಕಡತದ ಸಾಲುಗಳನ್ನು ಅಳಿಸಿದರೆ ಮುಗಿಯಿತು. ಕೋಡಿನ ತುಂಬ ‘ಇಫ್‌ಡೆಫ್’ ಎಂಬ ಷರತ್ತಿನ ಸಾಲುಗಳನ್ನು ಚೆಲ್ಲಾಡಿದರೆ ಮುಂದೆ ಬರುವವರಿಗೆ ಅದನ್ನು ಓದುವುದೇ ಶಿಕ್ಷೆಯಾಗುತ್ತದೆ.

ಕರ್ನೆಲ್ ಆವೃತ್ತಿಯ ಸಂಖ್ಯೆ ನೋಡಿ ಕವಲೊಡೆಯುವ ಈ ಕ್ರಮ ಉಬುಂಟುವಿನಲ್ಲಿ ನಡೆಯಿತು. ಆದರೆ ಒಬ್ಬ ಗ್ರಾಹಕರ ಪ್ರಧಾನ ಕಚೇರಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಅನ್ನೇ ಬಳಸಬೇಕೆಂದು ಪಟ್ಟು ಹಿಡಿದಾಗ ನಿರೀಕ್ಷಿಸದ ಅಡ್ಡಿಯೊಂದು ಎದುರಾಯಿತು. ಆ ವ್ಯವಸ್ಥೆಯ ಕರ್ನೆಲ್ ತನ್ನನ್ನು 5.14 ಎಂದು ಹೇಳಿಕೊಳ್ಳುತ್ತದೆ. ಆದರೆ ರೆಡ್ ಹ್ಯಾಟ್ ಎಂಜಿನಿಯರುಗಳು ಹೊಸ ಕರ್ನೆಲ್‌ಗಳಿಂದ ಅಪಾರ ಪ್ರಮಾಣದ ಕೋಡನ್ನು ಅದಕ್ಕೆ ತಂದು ಸೇರಿಸಿರುತ್ತಾರೆ. ಹೀಗಾಗಿ 5.14 ಎಂಬ ಹೆಸರಿನ ಕರ್ನೆಲ್‌ನಲ್ಲಿ 6.4ರ ‘ಕ್ಲಾಸ್ ಕ್ರಿಯೇಟ್’ ಕುಳಿತಿರುತ್ತದೆ. ಸಂಖ್ಯೆಯನ್ನು ನಂಬಿದ ನಮ್ಮ ಹೆಡರ್ ಹಳೆಯ ರೂಪವನ್ನು ಆರಿಸಿಕೊಂಡು ಸೋಲುತ್ತದೆ. ರೆಡ್ ಹ್ಯಾಟ್ ತನ್ನದೇ ಬಿಡುಗಡೆ ಸಂಖ್ಯೆಯ ಮ್ಯಾಕ್ರೋಗಳನ್ನು ಕೊಡುತ್ತದೆ, ಅವುಗಳನ್ನು ಬಳಸಬಹುದು. ಒಂದು ಪ್ರಧಾನ ಆವೃತ್ತಿಯ ಉದ್ದಕ್ಕೂ ಬದಲಾಗದ ಸಿಂಬಲ್‌ಗಳ (ಡ್ರೈವರುಗಳು ಬಳಸುವ ಫಂಕ್ಷನ್ ಮೊದಲಾದ ಹೆಸರುಗಳ) ಪಟ್ಟಿಯನ್ನೂ ಅದು ಕಾಪಾಡಿಕೊಂಡು ಬರುತ್ತದೆ. ನಿಮ್ಮ ಡ್ರೈವರ್ ಆ ಪಟ್ಟಿಯ ಒಳಗೇ ಇದ್ದರೆ ನೀವು ಪುಣ್ಯವಂತರು. ನಮ್ಮದು ಇರಲಿಲ್ಲ.

ಕೊನೆಗೆ ನಾನು ಸಂಖ್ಯೆಗಳ ಹಂಗನ್ನೇ ಬಿಟ್ಟೆ. ಕಂಪೈಲ್ ಆರಂಭವಾಗುವ ಮುನ್ನ ಪುಟ್ಟ ಪುಟ್ಟ ಸಿ ತುಣುಕುಗಳನ್ನು ಆಯಾ ಕರ್ನೆಲ್‌ನ ಹೆಡರ್‌ಗಳ ಮೇಲೆ ಕಂಪೈಲ್ ಮಾಡಿ ನೋಡುವ ಒಂದು ಸ್ಕ್ರಿಪ್ಟ್ ಬರೆದೆ. ‘ಕ್ಲಾಸ್ ಕ್ರಿಯೇಟ್’ ಒಂದು ಆರ್ಗ್ಯುಮೆಂಟ್ ಕೊಟ್ಟರೆ ಒಪ್ಪುತ್ತದೆಯೇ, ‘ವಿಎಂ ಫ್ಲ್ಯಾಗ್ಸ್ ಸೆಟ್’ ಇದೆಯೇ ಎಂದು ಕೇಳಿ, ಉತ್ತರಕ್ಕೆ ತಕ್ಕಂತೆ ಅದು ಒಂದು ಹೆಡರ್ ಸಿದ್ಧಪಡಿಸುತ್ತದೆ. ಎನ್‌ವಿಡಿಯಾ ಡ್ರೈವರ್ ಮತ್ತು ಓಪನ್‌ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಎರಡೂ ವರ್ಷಗಳಿಂದ ಹೀಗೆಯೇ ಮಾಡುತ್ತಿವೆ. ಇದನ್ನು ಓದುತ್ತಿರುವವರು ಆವೃತ್ತಿ ಸಂಖ್ಯೆಯ ಹಂತವನ್ನು ಬಿಟ್ಟು ನೇರವಾಗಿ ಇಲ್ಲಿಗೇ ಬರಲಿ ಎಂಬುದು ನನ್ನ ಸಲಹೆ. ಉಬುಂಟು 22.04ರಲ್ಲಿಯೇ ಉಳಿದು 6.5 ಅಥವಾ 6.8 ಕರ್ನೆಲ್ ಹಾಕಿಕೊಂಡವರಿಗೆ ಇನ್ನೊಂದು ಮಾತು: ಆ ಕರ್ನೆಲ್‌ಗಳನ್ನು ಜಿಸಿಸಿ 12ರಿಂದ ಕಟ್ಟಲಾಗಿದೆ, ಆದರೆ ಅಲ್ಲಿನ ಸಹಜ ಕಂಪೈಲರ್ ಜಿಸಿಸಿ 11. ಗೊತ್ತಿಲ್ಲದ ಆಯ್ಕೆ ಎಂದು ಕಂಪೈಲರ್ ದೂರಿದರೆ ಡ್ರೈವರಿನಲ್ಲಿ ತಪ್ಪು ಹುಡುಕಬೇಡಿ, ಜಿಸಿಸಿ 12 ಹಾಕಿಕೊಳ್ಳಿ.

ಕಂಪೈಲ್ ಆದ ಮಾಡ್ಯೂಲ್ (ಕರ್ನೆಲ್‌ಗೆ ಸೇರಿಸುವ ಡ್ರೈವರ್ ಕಡತ) ನಮ್ಮ ಕಚೇರಿಯ ಯಂತ್ರದಲ್ಲಿ ಸಲೀಸಾಗಿ ಏರಿತು, ಪೀಣ್ಯದ ಹೊಸ ಯಂತ್ರದಲ್ಲಿ ಏರಲಿಲ್ಲ. ಕೀಲಿಯನ್ನು ತಿರಸ್ಕರಿಸಲಾಗಿದೆ ಎಂಬ ಒಂದೇ ಸಾಲು ಬಂತು. ಅಲ್ಲಿ ಸಹಿ ಇರುವ ತಂತ್ರಾಂಶವನ್ನಷ್ಟೇ ಆರಂಭಿಸಗೊಡುವ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿತ್ತು. ಸಹಿ ಇಲ್ಲದ ಮಾಡ್ಯೂಲನ್ನು ಕರ್ನೆಲ್ ಒಪ್ಪುವುದಿಲ್ಲ. ‘ಮೋಕ್‌ಯುಟಿಲ್’ ಆಜ್ಞೆಯಿಂದ ನಮ್ಮ ಕೀಲಿಯನ್ನು ನೋಂದಾಯಿಸಲು ಕೋರಿಕೆ ಸಲ್ಲಿಸಿ, ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು, ಯಂತ್ರವನ್ನು ಮತ್ತೆ ಆರಂಭಿಸಬೇಕು. ಆಗ ಆಪರೇಟಿಂಗ್ ಸಿಸ್ಟಂ ಏಳುವ ಮುನ್ನವೇ ನೀಲಿ ಪರದೆಯೊಂದು ಬಂದು, ಕೆಲವೇ ಸೆಕೆಂಡುಗಳಲ್ಲಿ ಯಾವುದಾದರೊಂದು ಗುಂಡಿ ಒತ್ತಿ ಎಂದು ಕೇಳುತ್ತದೆ. ಆ ಗುಂಡಿಯನ್ನು ಯಂತ್ರದ ಮುಂದೆ ಕುಳಿತವರೇ ಒತ್ತಬೇಕು. ದೂರದಿಂದ ಎಸ್‌ಎಸ್‌ಎಚ್ ಮೂಲಕ ಮಾಡಲಾಗದು. ಫೋನಿನಲ್ಲಿ ವಿವರಿಸಿ ಮಾಡಿಸಲು ಹೋದಾಗ ಪರದೆ ಬಂದು ಹೋಗಿಯೇಬಿಟ್ಟಿತು, ಕೋರಿಕೆಯನ್ನು ಮೊದಲಿನಿಂದ ಸಲ್ಲಿಸಬೇಕಾಯಿತು. ಹೀಗಾಗಿ ತುಮಕೂರು ರಸ್ತೆಯ ಸಂಚಾರದಟ್ಟಣೆಯಲ್ಲಿ ನಾನೇ ಹೋಗಿ ಕುಳಿತು ಮಾಡಬೇಕಾಯಿತು. ಪ್ರತಿ ಹೊಸ ಕರ್ನೆಲ್‌ಗೂ ಮಾಡ್ಯೂಲನ್ನು ತಾನಾಗಿಯೇ ಕಂಪೈಲ್ ಮಾಡುವ ಡಿಕೆಎಂಎಸ್ ಬಳಸುವವರಿಗೆ ಉಬುಂಟು ಒಂದು ಕೀಲಿಯನ್ನು ತಾನೇ ಸೃಷ್ಟಿಸಿ ಪ್ರತಿ ಮಾಡ್ಯೂಲ್‌ಗೂ ಸಹಿ ಹಾಕುತ್ತದೆ; ಆದರೂ ನೀಲಿ ಪರದೆಯ ಈ ಹಂತ ಪ್ರತಿ ಯಂತ್ರಕ್ಕೂ ಒಮ್ಮೆ ತಪ್ಪಿದ್ದಲ್ಲ. ಯಂತ್ರವನ್ನು ಗ್ರಾಹಕರಿಗೆ ಕಳುಹಿಸುವ ಮೊದಲೇ ಇದನ್ನು ಮುಗಿಸಿಬಿಡಿ.

ಅಂದು ಮಾಡ್ಯೂಲ್ ಏರಿತು, ಕಾರ್ಡ್ ಕಾಣಿಸಿತು, ನಾನು ನೆಮ್ಮದಿಯಿಂದ ಹಿಂತಿರುಗಿದೆ. ಮರುದಿನ ಬೆಳಿಗ್ಗೆ ಅಲ್ಲಿನ ಮೇಲ್ವಿಚಾರಕರು ಕರೆ ಮಾಡಿ, “ಸಾರ್, ರೀಡಿಂಗ್ ಬರ್ತಾನೇ ಇಲ್ಲ. ಗೇರ್‌ಬಾಕ್ಸ್ ತಿರುಗ್ತಾ ಇದೆ, ಇಲ್ಲಿ ಗೆರೆ ನೆಟ್ಟಗೆ ಹೋಗ್ತಿದೆ” ಎಂದರು. ಅವರು ಕಳುಹಿಸಿದ ಚಿತ್ರ ನೋಡಿದೆ. ಏರಿಳಿಯಬೇಕಿದ್ದ ಅಲೆಯ ಜಾಗದಲ್ಲಿ ಸೊನ್ನೆಯ ಮೇಲೆ ಎಳೆದಿಟ್ಟಂತೆ ಒಂದು ಹಸಿರು ಗೆರೆ. ಇಂಟರಪ್ಟ್‌ಗಳು ಬರುತ್ತಿದ್ದವು, ವರ್ಗಾವಣೆ ಮುಗಿದಿದೆ ಎಂದು ಕಾರ್ಡ್ ಹೇಳುತ್ತಿತ್ತು, ಡ್ರೈವರ್ ಯಾವ ದೋಷವನ್ನೂ ತೋರಿಸಲಿಲ್ಲ. ಬಫರಿನಲ್ಲಿ ಮಾತ್ರ ಬರೀ ಸೊನ್ನೆಗಳು.

ಈ ಹಂತವೇ ಎಲ್ಲಕ್ಕಿಂತ ಹೆಚ್ಚು ಕಾಲ ತಿಂದದ್ದು ಮತ್ತು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು. ಸುಳಿವು ಸಿಕ್ಕಿದ್ದು ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ ಸಾಲುಗಳಲ್ಲಿ. ನಮ್ಮ ಡ್ರೈವರಿನ ಹೆಸರೇ ಇಲ್ಲದ, ‘ಡಿಮಾರ್’ ಎಂದು ಆರಂಭವಾಗುವ ಸಾಲುಗಳು ಅಲ್ಲಿದ್ದವು. ನಮ್ಮ ಕಾರ್ಡ್ ಕುಳಿತಿದ್ದ ಪಿಸಿಐ ಸ್ಥಾನದಿಂದ ಅನುಮತಿ ಇಲ್ಲದ ವಿಳಾಸಕ್ಕೆ ಬರೆಯುವ ಯತ್ನ ನಡೆದಿದೆ ಎಂದು ಅವು ಹೇಳುತ್ತಿದ್ದವು. ತಯಾರಕರ ಕೋಡ್ ಬಳಕೆದಾರರ ಬಫರಿನ ಪುಟಗಳನ್ನು ಹಿಡಿದಿಟ್ಟು, ಅವುಗಳ ಭೌತಿಕ ವಿಳಾಸವನ್ನು ನೇರವಾಗಿ ಕಾರ್ಡಿಗೆ ಕೊಡುತ್ತಿತ್ತು. ಹಳೆಯ ಯಂತ್ರಗಳಲ್ಲಿ ಐಒಎಂಎಂಯು (ಸಾಧನಗಳು ಮೆಮೊರಿಯ ಯಾವ ಭಾಗವನ್ನು ಮುಟ್ಟಬಹುದೆಂದು ನಿಯಂತ್ರಿಸುವ ಯಂತ್ರಾಂಶ) ನಿಷ್ಕ್ರಿಯವಾಗಿದ್ದುದರಿಂದ ಕಾರ್ಡ್ ಕಾಣುವ ವಿಳಾಸವೂ ಭೌತಿಕ ವಿಳಾಸವೂ ಒಂದೇ ಆಗಿದ್ದವು, ಅಡ್ಡದಾರಿ ನಡೆದುಹೋಗುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಐಒಎಂಎಂಯು ಚಾಲ್ತಿಯಲ್ಲಿದೆ. ಡ್ರೈವರ್ ಮೊದಲು ಕರ್ನೆಲ್‌ನ ಡಿಎಂಎ ಇಂಟರ್‌ಫೇಸ್ ಮೂಲಕ ಪುಟಗಳನ್ನು ಮ್ಯಾಪ್ ಮಾಡಿಸಿ, ಅದು ಕೊಟ್ಟ ವಿಳಾಸವನ್ನೇ ಕಾರ್ಡಿಗೆ ತಿಳಿಸಬೇಕು. ಇಲ್ಲವಾದರೆ ಕಾರ್ಡಿನ ಬರಹವನ್ನು ಯಂತ್ರಾಂಶವೇ ತಡೆಯುತ್ತದೆ. ಇಲ್ಲಿ ಯಾವ ಫಂಕ್ಷನ್ನಿನ ಹೆಸರೂ ಬದಲಾಗಿರಲಿಲ್ಲ, ಆದ್ದರಿಂದ ಕಂಪೈಲರ್ ಏನನ್ನೂ ಹೇಳಲಾರದಾಗಿತ್ತು. ನಾನು ಹೆದರಬೇಕೆಂದು ಮೊದಲೇ ಹೇಳಿದ್ದು ಇಂತಹ ಬದಲಾವಣೆಗಳಿಗೆ.

ಬೂಟ್ ಸಾಲಿನಲ್ಲಿ ಐಒಎಂಎಂಯು ಅನ್ನು ನಿಷ್ಕ್ರಿಯಗೊಳಿಸಿಬಿಡಿ, ಎಲ್ಲವೂ ಸರಿಯಾಗುತ್ತದೆ ಎಂಬ ಸಲಹೆ ಹಲವರಿಂದ ಬಂತು. ಅದು ಕೆಲಸ ಮಾಡುತ್ತದೆ ಎಂಬುದೂ ನಿಜ. ಆದರೆ ತಪ್ಪು ವಿಳಾಸಕ್ಕೆ ಬರೆಯುವ ಸಾಧನದಿಂದ ಮೆಮೊರಿಯನ್ನು ಕಾಯುವ ಏರ್ಪಾಡನ್ನು ನಮ್ಮೊಂದು ಕಾರ್ಡಿಗೋಸ್ಕರ ಗ್ರಾಹಕರ ಯಂತ್ರದಲ್ಲಿ ಕಿತ್ತುಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಕೋಡಿನ ಆ ಭಾಗವನ್ನು ಪೂರ್ತಿ ಹೊಸದಾಗಿ ಬರೆದೆ. ಹೇಗಿದ್ದರೂ 6.5ರಲ್ಲಿ ‘ಗೆಟ್ ಯೂಸರ್ ಪೇಜಸ್’ ತನ್ನ ಕೊನೆಯ ಆರ್ಗ್ಯುಮೆಂಟನ್ನು ಕಳೆದುಕೊಂಡಿತ್ತು. ಆ ಒಂದು ಪದ ಅಳಿಸಿದರೆ ಕಂಪೈಲ್ ಆಗುತ್ತದೆ. ಆದರೆ ಸಾಧನವೊಂದು ಡಿಎಂಎ ಮೂಲಕ ಬರೆಯುವ ಪುಟಗಳಿಗೆ 5.6ರಿಂದ ಬಂದಿರುವ ‘ಪಿನ್ ಯೂಸರ್ ಪೇಜಸ್’ ಕುಟುಂಬವೇ ಸರಿಯಾದದ್ದು, ಏಕೆಂದರೆ ಈ ಪುಟಕ್ಕೆ ಹೊರಗಿನಿಂದ ಬರಹ ನಡೆಯುತ್ತಿದೆ ಎಂಬುದು ಕರ್ನೆಲ್‌ಗೆ ತಿಳಿಯುವುದು ಅದರಿಂದ ಮಾತ್ರ. ಬಹುಕಾಲ ಹಿಡಿದಿಡುವುದಾದರೆ ದೀರ್ಘಾವಧಿಯ ಫ್ಲ್ಯಾಗನ್ನೂ ಕೊಡಬೇಕು. ಹಾಗೆ ಪಿನ್ ಮಾಡಿದ ಪುಟಗಳನ್ನು ಸ್ಕ್ಯಾಟರ್ ಪಟ್ಟಿಯಾಗಿ (ಚದುರಿದ ತುಣುಕುಗಳ ಪಟ್ಟಿಯಾಗಿ) ಜೋಡಿಸಿ ‘ಡಿಎಂಎ ಮ್ಯಾಪ್ ಎಸ್‌ಜಿ’ಗೆ ಕೊಡುವುದು ಮುಂದಿನ ಹೆಜ್ಜೆ. ಇಲ್ಲಿ ಒಂದು ಎಚ್ಚರ: ಐಒಎಂಎಂಯು ಅಕ್ಕಪಕ್ಕದ ತುಣುಕುಗಳನ್ನು ಒಂದಾಗಿಸಬಹುದಾದ್ದರಿಂದ, ಈ ಫಂಕ್ಷನ್ ಹಿಂತಿರುಗಿಸುವ ಸಂಖ್ಯೆ ನೀವು ಕೊಟ್ಟದ್ದಕ್ಕಿಂತ ಕಡಿಮೆ ಇರಬಹುದು. ಕಾರ್ಡಿನ ವಿವರಣಾ ಪಟ್ಟಿಯನ್ನು ತುಂಬುವಾಗ ಹಿಂತಿರುಗಿದ ಸಂಖ್ಯೆಯನ್ನೇ ಬಳಸಿ.

ಪರೀಕ್ಷೆಗೆಂದು ಡಿಎಂಎ ಬಳಕೆಯ ತಪ್ಪುಗಳನ್ನು ಹಿಡಿಯುವ ಡೀಬಗ್ ಆಯ್ಕೆ, ಲಾಕ್‌ಗಳ ತಪ್ಪು ಹಿಡಿಯುವ ಲಾಕ್‌ಡೆಪ್ ಮತ್ತು ಮೆಮೊರಿಯ ತಪ್ಪು ಹಿಡಿಯುವ ಕೇಸನ್ ಮೂರನ್ನೂ ಸೇರಿಸಿ ಪ್ರತ್ಯೇಕ ಕರ್ನೆಲ್ ಒಂದನ್ನು ಕಟ್ಟಿಕೊಂಡೆ. ಅದು ನಿಧಾನವಾಗಿ ಓಡುತ್ತದೆ, ಆದರೆ ಕಣ್ಣಿಗೆ ಕಾಣದ ತಪ್ಪುಗಳನ್ನು ಹೆಸರಿಟ್ಟು ಕರೆಯುತ್ತದೆ. ಈ ಕೆಲಸಕ್ಕೆ ಕೈ ಹಾಕುವವರು ಇದನ್ನು ಕೊನೆಗೆ ಬಿಡದೆ ಮೊದಲ ವಾರದಲ್ಲಿಯೇ ಸಿದ್ಧಮಾಡಿಕೊಳ್ಳಲಿ. ಪೀಣ್ಯದ ಪರದೆಯಲ್ಲಿ ಅಲೆ ಮತ್ತೆ ಮೂಡಿದ್ದನ್ನು ನೋಡಿದಾಗ ಆದ ಸಂತೋಷವನ್ನು ಹೇಳಲು ನನಗೆ ಮಾತು ಸಾಲದು.

ಖರ್ಚಿನ ವಿಷಯ. ಎಸ್.ಪಿ. ರಸ್ತೆಯಲ್ಲಿ ಬಳಸಿದ ಡೆಸ್ಕ್‌ಟಾಪ್‌ಗಳನ್ನು ಕೊಂಡೆವು. ಇಂಟೆಲ್ ಒಂದು, ಎಎಂಡಿ ಒಂದು, ಏಕೆಂದರೆ ಐಒಎಂಎಂಯು ಎರಡರಲ್ಲಿಯೂ ಬೇರೆ ಬೇರೆ. ರೆಡ್ ಹ್ಯಾಟ್‌ನ ಡೆವಲಪರ್ ಚಂದಾ ಉಚಿತವಾದ್ದರಿಂದ ಅಲ್ಲಿ ಪರೀಕ್ಷೆಗೆ ಹಣ ಬೇಕಾಗಲಿಲ್ಲ. ದೊಡ್ಡ ಖರ್ಚು ಸಮಯದ್ದು. ಕಾರ್ಡಿಗೆ ಒಂದೇ ಒಂದು ಹೊಸ ಸೌಲಭ್ಯವನ್ನೂ ಸೇರಿಸದ ಈ ದುಡಿಮೆಗೆ ಏಕೆ ಹಣ ಕೊಡಬೇಕು ಎಂದು ಗ್ರಾಹಕರು ಕೇಳಿದರು, ಅವರ ದೃಷ್ಟಿಯಿಂದ ಅದು ಸಹಜವೂ ಹೌದು. ಮುಂದಿನ ನಿರ್ವಹಣಾ ಒಪ್ಪಂದಗಳಲ್ಲಿ ಕರ್ನೆಲ್ ಬದಲಾವಣೆಗೆ ಹೊಂದಿಸುವ ಕೆಲಸವನ್ನು ಪ್ರತ್ಯೇಕ ಬಾಬ್ತಾಗಿ ಸೇರಿಸಿದ್ದೇವೆ, ನೀವೂ ಸೇರಿಸಿ.

ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಆಗಸ್ಟ್ ತಿಂಗಳಲ್ಲಿ ಉಬುಂಟು 24.04.3 ಬಂತು, ಅದರೊಂದಿಗೆ 6.14 ಕರ್ನೆಲ್. ಸರ್ವರ್ ಆವೃತ್ತಿಯನ್ನು ಹಾಕಿದ್ದ ಯಂತ್ರಗಳು 6.8ರಲ್ಲಿಯೇ ಉಳಿದವು, ಡೆಸ್ಕ್‌ಟಾಪ್ ಆವೃತ್ತಿ ಹಾಕಿದ್ದವು ತಾವಾಗಿಯೇ ಹೊಸ ಕರ್ನೆಲ್‌ಗೆ ಹೋದವು. ಅಲ್ಲಿ ಡಿಕೆಎಂಎಸ್ ಒಂದೇ ಹೆಸರಿನ ಮೇಲೆ ಎಡವಿತು: ‘ನೋ ಎಲ್‌ಎಲ್‌ಸೀಕ್’. 6.12ರಲ್ಲಿ ಅದನ್ನು ಪೂರ್ತಿಯಾಗಿ ತೆಗೆದಿದ್ದರು, ಆ ಸಾಲನ್ನು ಅಳಿಸಿದರೆ ಸಾಕಿತ್ತು. ಡಿಕೆಎಂಎಸ್ ಸೋತಾಗ ‘ವಾರ್ ಲಿಬ್ ಡಿಕೆಎಂಎಸ್’ ಅಡಿಯಲ್ಲಿ ನಿಮ್ಮ ಮಾಡ್ಯೂಲಿನ ಬಿಲ್ಡ್ ಕೋಶದಲ್ಲಿರುವ ಮೇಕ್ ಲಾಗ್ ತೆರೆದು, ಮೊದಲ ದೋಷವನ್ನು ಮಾತ್ರ ನೋಡಿ. ಉಳಿದವು ಬಹುಮಟ್ಟಿಗೆ ಅದರ ಬೆನ್ನು ಹತ್ತಿ ಬಂದವು. ಕಾರ್ಖಾನೆಯ ಯಂತ್ರಗಳಲ್ಲಿ ‘ಲಿನಕ್ಸ್ ಜೆನೆರಿಕ್’ ಪ್ಯಾಕೇಜನ್ನಷ್ಟೇ ಇಟ್ಟು, ಹೊಸ ಕರ್ನೆಲ್‌ಗಳನ್ನು ತರುವ ಎಚ್‌ಡಬ್ಲ್ಯುಇ ಪ್ಯಾಕೇಜನ್ನು ತೆಗೆದರೆ ಇಂತಹ ಅನಿರೀಕ್ಷಿತ ನೆಗೆತ ತಪ್ಪುತ್ತದೆ.

ಇದಕ್ಕೆಲ್ಲ ಶಾಶ್ವತ ದಾರಿ ಡ್ರೈವರನ್ನು ಕರ್ನೆಲ್ ಭಂಡಾರದ ಒಳಗೆ ಸೇರಿಸುವುದೇ. ನಮ್ಮಂತಹ ಕಾರ್ಡುಗಳಿಗೆ ಅಲ್ಲಿ ಕಾಮೆಡಿ ಎಂಬ ಉಪವ್ಯವಸ್ಥೆ ಇದೆ, 5.13ರಲ್ಲಿ ಅದು ಇನ್ನೂ ಪಕ್ವವಾಗದ ಕೋಡನ್ನು ಇಡುವ ಸ್ಟೇಜಿಂಗ್ ವಿಭಾಗದಿಂದ ಹೊರಬಂದು ಸ್ವಂತ ಜಾಗ ಪಡೆಯಿತು. ಅಡ್ಡಿಯಾದದ್ದು ಒಂದು ಕಾಗದ. ತಯಾರಕರ ಮಾಡ್ಯೂಲ್ ತನ್ನನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯದು ಎಂದು ಘೋಷಿಸಿಕೊಂಡಿದ್ದರೂ, ಕೆಲವು ಕಡತಗಳ ತಲೆಯಲ್ಲಿ ಇದು ಗೋಪ್ಯ, ಹಂಚುವಂತಿಲ್ಲ ಎಂಬ ಒಕ್ಕಣೆ ಇತ್ತು. ಕರ್ನೆಲ್‌ಗೆ ಕಳುಹಿಸುವ ಪ್ರತಿ ಪ್ಯಾಚಿಗೂ, ಇದನ್ನು ಸಲ್ಲಿಸುವ ಹಕ್ಕು ನನಗಿದೆ ಎಂದು ಹೆಸರು ಹಾಕಿ ದೃಢೀಕರಿಸಬೇಕು. ಅನುಮಾನವಿಟ್ಟುಕೊಂಡು ಹಾಗೆ ಸಹಿ ಹಾಕಲು ಬರುವುದಿಲ್ಲ. ಹೊಸ ಮಾಲೀಕ ಸಂಸ್ಥೆಗೆ ಬರೆದ ಪತ್ರಗಳು ಮಾರಾಟ ವಿಭಾಗದಿಂದ ತಾಂತ್ರಿಕ ವಿಭಾಗಕ್ಕೆ, ಅಲ್ಲಿಂದ ಕಾನೂನು ವಿಭಾಗಕ್ಕೆ ಅಲೆದವು. ಗಣೇಶ ಚತುರ್ಥಿ ಕಳೆಯಿತು, ದಸರಾ ಕಳೆಯಿತು. ಕೊನೆಗೆ, ಯಾವ ಕಡತಗಳನ್ನು ಯಾವ ಪರವಾನಗಿಯಡಿ ಬಿಡುಗಡೆ ಮಾಡಬೇಕು ಎಂಬ ಪಟ್ಟಿಯನ್ನೂ ಅವರು ಸಹಿ ಹಾಕಬೇಕಾದ ಪತ್ರದ ಕರಡನ್ನೂ ನಾವೇ ಸಿದ್ಧಪಡಿಸಿ ಕಳುಹಿಸಿದ ಮೇಲೆ ಒಪ್ಪಿಗೆ ಬಂತು. ಈ ಪತ್ರವ್ಯವಹಾರವನ್ನು ಕೋಡಿನ ಕೆಲಸ ಮುಗಿಯುವವರೆಗೆ ತಡೆಹಿಡಿಯದೆ ಮೊದಲ ದಿನವೇ ಶುರುಮಾಡಿ.

ಈಗ ಅನಲಾಗ್ ಇನ್‌ಪುಟ್ ಭಾಗವನ್ನು ಕಾಮೆಡಿಯ ಕ್ರಮಕ್ಕೆ ತಕ್ಕಂತೆ ಬರೆಯುತ್ತಿದ್ದೇನೆ. ಅದು ಸೇರುವವರೆಗೂ ಹೊರಗಿನ ಡ್ರೈವರನ್ನು ಕಾಪಾಡಿಕೊಳ್ಳಲೇಬೇಕು. ಹೊಸ ಕರ್ನೆಲ್ ಒಂಬತ್ತು ಹತ್ತು ವಾರಗಳಿಗೊಮ್ಮೆ ಬರುತ್ತದೆ, ದೊಡ್ಡ ಬದಲಾವಣೆಗಳೆಲ್ಲ ಮೊದಲ ಎರಡು ವಾರಗಳಲ್ಲಿ ಸೇರಿ ಆರ್‌ಸಿ1 ಎಂಬ ಮೊದಲ ಪರೀಕ್ಷಾ ಆವೃತ್ತಿ ಹೊರಬೀಳುತ್ತದೆ. ಪ್ರತಿ ಆರ್‌ಸಿ1 ಬಂದ ಕೂಡಲೇ ನಮ್ಮ ಡ್ರೈವರನ್ನು ಅದರ ಮೇಲೆ ಕಂಪೈಲ್ ಮಾಡುವ ಏರ್ಪಾಡು ಮಾಡಿದ್ದೇನೆ. ಆ ಏರ್ಪಾಡಿನಿಂದಾಗಿ, 6.15ರಲ್ಲಿ ‘ಡೆಲ್ ಟೈಮರ್’ ಹೋಗಿ ‘ಟೈಮರ್ ಡಿಲೀಟ್’ ಮಾತ್ರ ಉಳಿದಿರುವುದಕ್ಕೆ, 6.16ರಲ್ಲಿ ‘ಫ್ರಮ್ ಟೈಮರ್’ ಹೆಸರು ಬದಲಾಗಿರುವುದಕ್ಕೆ ಬೇಕಾದ ಸಾಲುಗಳು ಗ್ರಾಹಕರ ಯಂತ್ರಕ್ಕೆ ಆ ಕರ್ನೆಲ್‌ಗಳು ತಲುಪುವ ಮುನ್ನವೇ ನಮ್ಮ ಹೊಂದಾಣಿಕೆಯ ಹೆಡರಿನಲ್ಲಿ ಸೇರಿವೆ.